ಅಡ್ಗ ಮನೆಗ ಕೇಳೋ ದನಿ

ಹೋದ ಆಷಾಢದಲ್ಲಿ ಅಟ್ಟ ಸೋರ್ತದ ಅಂತ ಹತ್ತಿ ನೋಡುದ್ರ, ಮೂಲೇಲಿ ಗೋಣಿಚೀಲ ಹೊದ್ಕಂಡು ಆ ಕರೀ ಪೆಟ್ಗ ಕುಂತಿತ್ತು. ನಿಮ್ಮಲ್ಲಿ ಸುಮಾರು ಜನಕ್ಕ ಅದು ಗೊತ್ತು ಕನ್ರವ್ವ. ಮೊದ್ಲು ನಡುಮನೇಲಿ ಇದ್ದಾಗ ಅದ್ರ ಮ್ಯಾಲ ಕುಂತು ಕಾಫಿ ಕುಡ್ದಿದ್ದೀರಿ. ಒಬ್ರು ಇಬ್ರು ಎಲಡಿಕೆ ಸುಣ್ಣಾನೂ ಒರ್ಸಿದ್ದೀರಿ, ಕಲೆ ಇನ್ನೂ ಹಂಗೇ ಅದ. ಯಾರು ಅಂತ ನಾನು ಬರಿಯಾಕಿಲ್ಲ.

ಅದು ನಮ್ಮೋರ ಗಿಟಾರಿನ ಆಂಪ್ಲಿಫೈಯರು. ಅವ್ರು ಬೆಟ್ಟದಲ್ಲಿ ಕ್ಯಾಸೆಟ್ ಅಂಗ್ಡಿ ಇಟ್ಕಂಡು ಮಾದಪ್ಪನ ಹಾಡಿನ ಕ್ಯಾಸೆಟ್ ಮಾರ್ತಿದ್ರು, ಅದು ಹೊಟ್ಟಪಾಡು. ಜೀವ ಇದ್ದದ್ದು ಮಾತ್ರ ಆರ್ಕೆಸ್ಟ್ರಾದಲ್ಲಿ. ಗಣೇಶನ ಹಬ್ಬ, ರಾಜ್ಯೋತ್ಸವ, ಯಾರ್ದಾರ ಮದ್ವ ಅಂತ ಕೊಳ್ಳೇಗಾಲ, ಹನೂರು, ಯಳಂದೂರು ಸುತ್ತೋರು. 1981ರಲ್ಲಿ ‘ಗೀತಾ’ ಸಿನಿಮಾ ಬಂತಲ್ಲ, ಶಂಕರ್‌ನಾಗ್‌ದು, ಇಳಯರಾಜಾ ಸಂಗೀತ. ಅದ್ನ ನೋಡ್ಬುಟ್ಟು ಬಂದೋರು ಗಿಟಾರ್ ಹಿಡ್ದವ್ರು ಬಿಡ್ಲೇ ಇಲ್ಲ ಅಂತ ನಮ್ಮತ್ತೆ ಹೇಳ್ತಿದ್ರು. ನಮ್ಮ ಕೊಳ್ಳೇಗಾಲ ಸೀಮೆ 1956ರ ತಂಕ ಕೊಯಮತ್ತೂರು ಜಿಲ್ಲೆಗ ಸೇರಿದ್ದದ್ದಲ್ವ, ಇಳಯರಾಜಾ ಅಂದ್ರ ನಮಗ ಆಚೆಯೋರು ಅನ್ಸೋದೇ ಇಲ್ಲ.

ಈ ಆಂಪ್ಲಿಗ ಕಂಪ್ನಿ ಹೆಸ್ರು ಅಂತ ಇಲ್ಲ. 1986ರಲ್ಲಿ ಮೈಸೂರಿನ ಒಬ್ರು ರೇಡಿಯೋ ರಿಪೇರಿಯವ್ರು ಕಟ್ಕೊಟ್ಟದ್ದು. ಹೊರದೇಶದ್ದು ತರ್ಸೋದು ಆಗ ನಮ್ಮಂತೋರ ಮಾತಲ್ಲ. ಒಳಗಿರೋ ವಾಲ್ವುಗಳು ಬೆಂಗ್ಳೂರು ಜಾಲಹಳ್ಳಿ ಬಿಇಎಲ್‌ನಲ್ಲಿ ಮಾಡಿದ್ದವು. ಇಎಲ್84 ಅನ್ನೋವು ಎರಡು, ಇಸಿಸಿ83 ಅನ್ನೋ ಸಣ್ಣವು. ಹದಿನೈದು ವ್ಯಾಟ್ಸು ಅಷ್ಟೇಯ. ಮುಂದ್ಗಡೆ ಬಟ್ಟೆ ಹಿಂದ ಹನ್ನೆರಡು ಇಂಚಿನ ಎರಡು ಸ್ಪೀಕರ್ರು. ಆನ್ ಮಾಡುದ್ರ ಬಿಸಿಯಾಗಿ ದನಿ ಬರಾಕ ಅರ್ಧ ನಿಮಿಷ ಬೇಕು, ಬೆಳಿಗ್ಗೆ ಎದ್ದೇಳೋ ಮುದುಕನಂಗ.

ನಮ್ಮೋರು ಹೋದದ್ದು 2011ರಲ್ಲಿ. ಆವಾಗ ಮಗ್ಳಿಗ ಹತ್ತು ವರ್ಸ. ಅವ್ರ ಗಿಟಾರ್ನ ಅವ್ಳು ಕೈಗ ತಕಂಡ್ಳು, ಪೆಟ್ಗ ಮಾತ್ರ ಅಟ್ಟ ಸೇರ್ತು. ನಾನೇ ಹಾಕ್ಸಿದ್ದು. ನೋಡಾಕ ಆಯ್ತಿರ್ಲಿಲ್ಲ.

ಇಳ್ಸಿ ಹಿಂದ್ಗಡೆ ತಿರುಗ್ಸುದ್ರ, ಹಿಂಬದಿ ತೆರ್ಕಂಡಿರೋ ಪೆಟ್ಗ ಅಲ್ವ, ಇಲಿ ಗೂಡು ಕಟ್ಟಿ ಎಡಗಡೆ ಸ್ಪೀಕರಿನ ಕಾಗ್ದಾನ ಅರ್ಧ ತಿಂದ್ಹಾಕಿತ್ತು. ಬೆಟ್ಟದ ಮಂಜು, ಥಂಡಿ ಸೇರಿ ಉಳ್ದ ಅರ್ಧಾನೂ ಹಪ್ಪಳದಂಗ ಆಗಿತ್ತು. ಬಲಗಡೇದು ನೋಡಾಕ ಗಟ್ಟಿಯಾಗಿತ್ತು. ಮಗ್ಳು ‘ಅವ್ವ, ಇದ್ನ ರೆಡಿ ಮಾಡ್ಸುಮ’ ಅಂದ್ಳು. ನಂಗೂ ಒಳಗೊಳಗ ಅದೇ ಆಸೆ. ಅವ್ರ ದನಿ ಇನ್ನೊಂದ್ಸಲ ಈ ಮನೇಲಿ ಕೇಳ್ಲಿ ಅಂತ. ಗ್ರೈಂಡರಿಗ ಅಂತ ಸಂಘದಲ್ಲಿ ಕಟ್ಟಿದ ಚೀಟಿ ದುಡ್ಡು ಇತ್ತಲ್ಲ, ಅದ್ರ ಮ್ಯಾಲ ಕಣ್ಣು ಬಿತ್ತು.

ಇಲ್ಲೊಂದು ಮಾತು ಹೇಳ್ಬುಡ್ತೀನಿ, ನಿಮ್ಮನ ಅಟ್ಟದಲ್ಲೂ ಇಂಥದ್ದು ಇರ್ಬೋದು. ವಾಲ್ವು ಸೆಟ್ಟಿನ ಹೊಟ್ಟೇಲಿ ಮುನ್ನೂರು ವೋಲ್ಟಿನ ಹತ್ರ ಓಡ್ತಿರ್ತದ. ಪ್ಲಗ್ ಕಿತ್ತ ಮ್ಯಾಲೂ ಕೆಪ್ಯಾಸಿಟರಿನಲ್ಲಿ ಉಳ್ಕಂಡಿರ್ತದ. ಒರ್ಸಾಕ ಅಂತ ಕೈ ಹಾಕ್ಬೇಡಿ. ಇನ್ನೊಂದು, ಸ್ಪೀಕರ್ ಕಿತ್ತಿಟ್ಟು ಬರೀ ಆಂಪ್ಲಿ ಆನ್ ಮಾಡಿ ನುಡಿಸ್ಬಾರ್ದು. ಹೋಗಾಕ ದಾರಿ ಇಲ್ದ ಶಕ್ತಿ ಹಿಂದ್ಕ ತಿರುಗಿ ಟ್ರಾನ್ಸ್‌ಫಾರ್ಮರ್ನೇ ಸುಟ್ಟಾಕ್ಬುಡ್ಬೋದು. ನಾವು ಮೊದ್ಲು ಗೊತ್ತಿರೋ ಮೆಕ್ಯಾನಿಕ್ ಹತ್ರ ಹೊತ್ಕೊಂಡೋಗಿ ಕೆಪ್ಯಾಸಿಟರ್ ಬದ್ಲಾಯಿಸ್ಕೊಂಡು ಬಂದೊ. ವಾಲ್ವು ಚೆನ್ನಾಗೇ ಇದ್ದೊ.

ಆಮೇಲ ಸ್ಪೀಕರ್ ತಲೆನೋವು ಶುರುವಾಯ್ತು.

ನಾನು ಅಂದ್ಕಂಡಿದ್ದದ್ದು, ಹನ್ನೆರಡು ಇಂಚು ಅಂದ್ರ ಹನ್ನೆರಡು ಇಂಚು, ಬಳೆ ಅಳತೆ ಇದ್ದಂಗ, ಕೈಗ ಹಿಡುದ್ರ ಆಯ್ತು ಅಂತ. ಕೊಳ್ಳೇಗಾಲಕ್ಕ ಹೋಗೋ ಕೆಲ್ಸ ಇತ್ತು, ಎಂಬತ್ತು ಕಿಲೋಮೀಟ್ರು ಹತ್ರ ಬಸ್ಸಿನಲ್ಲಿ ಕುಂತು ಹೋಗಿ, ಒಂದು ಅಂಗ್ಡೀಲಿ ಕೇಳ್ದೆ. ಅಂಗ್ಡಿಯವ್ನು ಮೊದ್ಲು ದೇವಸ್ಥಾನದ ಗೋಪುರಕ್ಕ ಕಟ್ಟೋ ಹಾರ್ನ್ ತೋರ್ಸ್ದ. ‘ಅಯ್ಯೋ ಅದಲ್ಲಪ್ಪ’ ಅಂದ್ಮೇಲ ಅಂಚಿಗ ರಬ್ಬರ್ ಇರೋ ಒಂದು ವೂಫರ್ ಕೊಟ್ಟ, ನೋಡಾಕ ಥಳಥಳ. ‘ಎಲ್ಲಕ್ಕೂ ಆಯ್ತದ ಕನಕ್ಕ’ ಅಂದ. ತಕಬಂದೆ. ಹಾಕಿ ಕೇಳುದ್ರ, ಕಂಬಳಿ ಹೊದ್ಕಂಡು ಒಳಗಿಂದ ಮಾತಾಡ್ದಂಗ. ಮಗ್ಳು ನುಡ್ಸಿ ನುಡ್ಸಿ ಕೊನೆಗ ಗಿಟಾರ್ ಕೆಳಗಿಟ್ಟು ‘ಅವ್ವ, ಇದು ಹೋಂ ಥಿಯೇಟ್ರಿಂದು’ ಅಂದ್ಳು. ಬೈಲಿಲ್ಲ ಪಾಪ. ಬೈದಿದ್ರ ಚೆನ್ನಾಗಿತ್ತು.

ಗಿಟಾರ್ ಸ್ಪೀಕರ್ ಅನ್ನೋದೇ ಬ್ಯಾರೆ ಜಾತಿ ಅಂತ ಆವಾಗ ಗೊತ್ತಾದದ್ದು. ಅದ್ರ ಕಾಗ್ದ ಬಿರುಸು, ಅಂಚೂ ಕಾಗ್ದದ್ದೇ, ಸುಕ್ಕು ಸುಕ್ಕು ಮಡಿಕೆ. ತೀರಾ ಸಣ್ಣ ದನಿ, ಅಂದ್ರ ಐದಾರು ಸಾವಿರ ಹರ್ಟ್ಜ್‌ಗಿಂತ ಮ್ಯಾಲಿಂದು, ಅದ್ರಲ್ಲಿ ಹೆಚ್ಚಿಗ ಬರೋದೇ ಇಲ್ಲ. ಅದು ದೋಷ ಅಲ್ಲ, ಅದ್ರಿಂದ್ಲೇ ಗಿಟಾರ್ ಗಿಟಾರಿನಂಗ ಕೇಳೋದು. ಕಂಸಾಳೆ ತಾಳದ ಝಲ್ಲು ಅನ್ನೋ ದನಿ ಈ ಸ್ಪೀಕರಿಗ ಹಾಕುದ್ರ ಮಂಕಾಗೋಯ್ತದ. ಗಿಟಾರಿನ ತಂತಿಯ ಕೆರೆತಾನ ಮಾತ್ರ ನುಣ್ಣಗ ಮಾಡ್ಕೊಡ್ತದ. ಒಂದೊಂದು ಪಾತ್ರೆ ಒಂದೊಂದಕ್ಕ. ಹಾಲು ಕಾಯ್ಸೋ ಪಾತ್ರೇಲಿ ಒಗ್ಗರಣೆ ಹಾಕಾಕ ಆಯ್ತದ?

ಇನ್ನೊಂದು ತಪ್ಪು ಓಮ್ಸಿಂದು. ನಾ ತಂದದ್ದು ಎಂಟು ಓಮ್ಸು. ನಮ್ಮ ಪೆಟ್ಗೇಲಿ ಉಳ್ದಿದ್ದದ್ದು ಹದಿನಾರು. ಮಗ್ಳು ಅಲ್ಲೇ ತಟ್ಟೇಲಿ ರಾಗಿ ಕಾಳು ಇಟ್ಟು ಹೇಳ್ಕೊಟ್ಲು, ನಂಗ ಹತ್ಲಿಲ್ಲ. ಕೊನೆಗ ನಾನೇ ನಮ್ಮ ಬೆಟ್ಟದ ಲೆಕ್ಕದಲ್ಲಿ ಅರ್ಥ ಮಾಡ್ಕಂಡೆ. ಅಮಾಸ ದಿನ ದರ್ಶನದ ಸಾಲು ನೋಡಿದ್ದೀರಲ್ಲ. ಒಂದೇ ಸಾಲು, ಒಂದು ಬಾಗ್ಲು ದಾಟಿ ಇನ್ನೊಂದು ಬಾಗ್ಲೂ ದಾಟ್ಬೇಕು ಅಂದ್ರ ಜನ ನಿಧಾನ, ಅಡ್ಡಿ ಎರಡರಷ್ಟು. ಅದು ಸೀರೀಸ್ ಅನ್ನೋದು. ಹದಿನಾರಕ್ಕ ಹದಿನಾರು ಸೇರಿ ಮೂವತ್ತೆರಡು. ಅದೇ ಎರಡು ಬಾಗ್ಲನ್ನ ಅಕ್ಕಪಕ್ಕ ತೆಗೆದ್ಬುಟ್ರ ಜನ ಸಲೀಸಾಗಿ ಹೋಯ್ತಾರ, ಅಡ್ಡಿ ಅರ್ಧ. ಅದು ಪ್ಯಾರಲಲ್, ಎರಡು ಹದಿನಾರು ಸೇರಿ ಎಂಟು. ನಮ್ಮೋರ ಪೆಟ್ಗೇಲಿ ಎರಡೂ ಅಕ್ಕಪಕ್ಕದ ಬಾಗ್ಲು, ಆಂಪ್ಲಿ ಕೇಳೋದೂ ಎಂಟೇ. ನಾ ತಂದದ್ದು ದೊಡ್ಡ ಬಾಗ್ಲು. ಹದಿನಾರರ ಪಕ್ಕ ಎಂಟು ಇಟ್ರ ಒಟ್ಟು ಐದು ಚಿಲ್ರ ಆಯ್ತದ, ಆಂಪ್ಲಿಗ ಅದು ಸರಿ ಹೊಂದಾಕಿಲ್ಲ. ಅದೂ ಅಲ್ದ, ಬಂದ ಶಕ್ತೀಲಿ ಮೂರರಲ್ಲಿ ಎರಡು ಪಾಲು ಹೊಸದೇ ನುಂಗ್ಬುಡ್ತದ. ಹಳೇದು ಮೂಲೇಲಿ ಕುಂತ ಅತ್ತೆಯಂಗ ಮೆಲ್ಲಗ ಗೊಣಗ್ತಿರ್ತದ.

ಆ ವೂಫರ್ ಈಗ ನಮ್ಮ ಮೈದುನನ ಮನೇಲಿ ಟಿವಿಗ ಸೇರ್ಕಂಡದ. ದುಡ್ಡು ಬಂದಿಲ್ಲ.

ಹಳೇದು ಬಿಚ್ಚಿದ ದಿನದ ಕತೆ ಬರಿಯಾಕ ವಸಿ ಹಿಂಜರಿಕೆ. ಆದ್ರೂ ಬರೀತೀನಿ, ನೀವೇ ಅಲ್ವ ಓದೋರು.

ಇಲಿ ತಿಂದಿದ್ದು 1986ರ ಮೂಲ ಸ್ಪೀಕರು. ಅದ್ರ ಬೆನ್ನಿನ ಮ್ಯಾಗ್ನೆಟ್ಟು ಲೋಟ ಕವುಚಿದಂಗ ಸಣ್ಣದು. ಆಲ್ನಿಕೋ ಅಂತಾರ, ಅಲ್ಯೂಮಿನಿಯಂ, ನಿಕ್ಕಲ್ಲು, ಕೋಬಾಲ್ಟು ಹಾಕಿ ಮಾಡೋದು. ಬಲಗಡೇದ್ರ ಬೆನ್ನಿಗ ಕರೀ ರೊಟ್ಟಿಯಂಗ ಅಗಲವಾದ ಫೆರೈಟ್ ಮ್ಯಾಗ್ನೆಟ್ಟು. 1978ರಲ್ಲಿ ಆಫ್ರಿಕಾದ ಜೈರ್ ದೇಸದಲ್ಲಿ, ಈಗಿನ ಕಾಂಗೋ, ಗಲಾಟೆಯಾಗಿ ಕೋಬಾಲ್ಟಿನ ರೇಟು ಮ್ಯಾಕ್ಕ ಹೋಯ್ತಂತ. ಸ್ಪೀಕರ್ ಮಾಡೋರು ಸುಮಾರು ಜನ ಆಲ್ನಿಕೋ ಬುಟ್ಟು ಫೆರೈಟಿಗ ತಿರುಗ್ಕಂಡ್ರು. ಎಲ್ಲಿಯ ಕಾಂಗೋ, ಎಲ್ಲಿಯ ನಮ್ಮ ಅಟ್ಟ! ಅದಿರ್ಲಿ. ಅಂದ್ರ ಬಲಗಡೇದು ಮೂಲದ್ದಲ್ಲ, ಯಾವಾಗ್ಲೋ ಬದ್ಲಾಯ್ಸಿದ್ದು ಅಂತಾಯ್ತು. ಮಗ್ಳು ಮೊಬೈಲ್ ಬೆಳ್ಕು ಬುಟ್ಟು ನೋಡುದ್ರ, ಆ ರೊಟ್ಟಿ ಮ್ಯಾಲ ಪೆನ್ಸಿಲಿನಲ್ಲಿ ನಮ್ಮೋರ ಅಕ್ಷರ: ‘16 ಓಂ. ಉಲ್ಟಾ. ಮಾರ್ಚ್ 94. ಎಸ್.ಪಿ. ರೋಡ್.’

ಮಾರ್ಚ್ 94. ನನ್ನ ಓಲೆ ಗಿರವಿ ಹೋದ ತಿಂಗ್ಳು.

ನಮ್ಮಪ್ಪ ಕೊಟ್ಟ ಓಲೆ. ಕೌದಳ್ಳಿ ಹೊಲದ ಬಾವಿ ಮೋಟ್ರು ಸುಟ್ಟೋಯ್ತು, ಅಣ್ಣನಿಗ ದುಡ್ಡು ಕೊಡ್ಬೇಕು ಅಂತ ಹೇಳಿ ಇಸ್ಕಂಡು ಹೋಗಿದ್ರು. ಯುಗಾದಿ ಜಾತ್ರೇಲಿ ಬೋಳು ಕಿವೀಲಿ ಓಡಾಡಿದ್ದು ನಂಗ ಇವತ್ತೂ ನೆಪ್ಪದ. ಒಂದೂವರೆ ವರ್ಸಕ್ಕ ಬಿಡಿಸ್ಕಂಡು ಬಂದ್ರು, ಅದೂ ನಿಜ. ಆದ್ರ ಮೋಟ್ರು ಯಾವ್ದು ಅಂತ ಇಪ್ಪತ್ತೊಂಬತ್ತು ವರ್ಸ ಆದ್ಮೇಲ ಗೊತ್ತಾಯ್ತು ನೋಡಿ. ಬೆಂಗ್ಳೂರು ಎಸ್.ಪಿ. ರೋಡಿನ ಮೋಟ್ರು! ಸತ್ತೋರ ಮ್ಯಾಲ ಕ್ವಾಪ ಮಾಡ್ಕಬಾರ್ದು ಅಂತಾರ. ದೇವ್ರಾಣೆ, ಎರಡು ದಿನ ನಾನು ಫೋಟೋಗ ಹೂ ಮುಡ್ಸಲಿಲ್ಲ. ಮಗ್ಳು ಕೇಳುದ್ರ ಹೂವಿನೋಳು ಬರ್ಲಿಲ್ಲ ಅಂದೆ.

ಮೂರ್ನೇ ದಿನ ಆ ಬಲಗಡೇದು ಒಂದನ್ನೇ ಜೋಡ್ಸಿ ನುಡ್ಸು ಅಂತ ನಾನೇ ಹೇಳ್ದೆ. ಒಂದೇ ಹದಿನಾರು ಆದ್ರಿಂದ ಟ್ರಾನ್ಸ್‌ಫಾರ್ಮರಿನ ಹದಿನಾರರ ತಂತಿಗ ಹಾಕುದ್ಲು. ನಾನು ನಡುಮನೇಲಿ ಪೆಟ್ಗ ಮುಂದ, ಚಾಪೆ ಮ್ಯಾಲ ಕುಂತ್ಕಂಡೆ. ಅವ್ಳು ಅವ್ರಪ್ಪ ನುಡಿಸ್ತಿದ್ದ ಒಂದು ಚೂರು ನುಡಿಸ್ದಳು. ನಂಗ ಗುರ್ತೇ ಸಿಗ್ಲಿಲ್ಲ ಕನ್ರವ್ವ. ಚುಚ್ಚೋ ದನಿ, ಕಿವಿಗ ಸೂಜಿ ಇಟ್ಟಂಗ. ಇದಲ್ಲ, ಇದು ಕೆಟ್ಟೋಗದ, ಓಲೆ ಹೋದದ್ದೂ ದಂಡ ಅಂತ ಗಂಟ್ಲು ಕಟ್ಟಿ ಅಡ್ಗ ಮನೆಗ ಎದ್ದೋದೆ. ಒಲೆ ಮ್ಯಾಲ ಸಾರು ಇತ್ತು. ಕೆದಕ್ತಾ ನಿಂತಿವ್ನಿ, ಬಾಗ್ಲು ಸಂದೀಲಿ ಬಂತು ನೋಡಿ ಆ ದನಿ. ಅದೇ. ದಪ್ಪಗ, ಬೆಚ್ಚಗ, ಪಕ್ಕದ ರೂಮಿನಲ್ಲಿ ಅವ್ರೇ ಕುಂತಂಗ.

ಹದಿನೇಳು ವರ್ಸ ನಾನು ಅವ್ರ ಗಿಟಾರ್ ಕೇಳಿದ್ದು ಅಡ್ಗ ಮನೆಯಿಂದ. ಎದ್ರುಗ ಕುಂತು ಕೇಳ್ದೋಳೇ ಅಲ್ಲ, ಯಾವಾಗ ಕುಂತಿದ್ದೆ?

ಮಗ್ಳು ಆಮೇಲ ಕಾರಣ ಹೇಳುದ್ಲು. ಇಷ್ಟು ಅಗಲದ ಕಾಗ್ದ, ಸಣ್ಣ ದನೀನ ಟಾರ್ಚ್ ಬೆಳ್ಕಿನಂಗ ನೇರ ಮುಂದ್ಕ ಬುಡ್ತದಂತ. ದಪ್ಪ ದನಿ ದೀಪದಂಗ ಸುತ್ತ ಹರಡ್ತದ. ಮುಂದ ಕುಂತೋರಿಗ ಚುಚ್ತದ, ಪಕ್ಕಕ್ಕ ಹೋದೋರಿಗ ಮೆತ್ತಗ ಕೇಳ್ತದ. ಅದ್ಕೇ ಗಿಟಾರಿನೋರು ಸ್ಪೀಕರ್ ಆರ್ಸುವಾಗ ಒಂದೇ ಕಡೆ ಕುಂತು ತೀರ್ಮಾನ ಮಾಡಾಕಿಲ್ಲ. ಎದ್ರು, ಪಕ್ಕ, ದೂರ ಅಂತ ಓಡಾಡಿ ಕೇಳ್ತಾರ. ನಾನು ಓಡಾಡ್ದೆ. ನನ್ನ ಜಾಗ ಯಾವ್ದು ಅಂತ ಮಾತ್ರ ಗೊತ್ತಿತ್ತು.

ಅಲ್ಲಿಗ ಬಲಗಡೇದು ಇರ್ಬೇಕು ಅಂತ ನಾ ಹಟ ಹಿಡ್ದೆ. ಮಗ್ಳಿಗ ಎರಡೂ ಹೊಸವೇ ಹಾಕ್ಬೇಕು, ಜೋಡಿ ಸಮ ಇರ್ತದ ಅಂತ. ಅವ್ಳ ಮಾತಲ್ಲೂ ನ್ಯಾಯ ಅದ. ಒಂದು ಹಳೇದು ಒಂದು ಹೊಸದು ಹಾಕ್ಬೇಕು ಅಂದ್ರ ಓಮ್ಸ್ ಒಂದೇ ಇರ್ಬೇಕು, ಗಟ್ಟಿತನಾನೂ ಹತ್ರ ಹತ್ರ ಇರ್ಬೇಕು. ಸ್ಪೀಕರ್ ಕಾಗ್ದದಲ್ಲಿ ಡೆಸಿಬಲ್ ಅಂತ ಒಂದು ಲೆಕ್ಕ ಬರ್ದಿರ್ತಾರ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಕೇಳ್ತದ ಅಂತ. ಅದು ಬರೀ ಮೂರು ಜಾಸ್ತಿ ಇದ್ರ ಆಂಪ್ಲಿ ವ್ಯಾಟ್ಸ್ ಎರಡರಷ್ಟು ಮಾಡ್ದಂಗ. ಜೋಡೀಲಿ ಒಂದು 97, ಒಂದು 100 ಇದ್ರ ನೂರರದ್ದೇ ದರ್ಬಾರು.

ಇಲಿ ತಿಂದದ್ದಕ್ಕೇ ಹೊಸ ಕಾಗ್ದ ಹಾಕ್ಸೋದು ಅಂತ ಮೊದ್ಲು ನೋಡ್ದೊ. ಮೈಸೂರಿನಲ್ಲಿ ಕಾಯಿಲ್ ಕಟ್ಟಿ ಕಾಗ್ದ ಅಂಟ್ಸೋ ಒಬ್ರು ಹಳಬ್ರು ಸಿಕ್ಕುದ್ರು. ಅವ್ರು ನೇರ ಹೇಳ್ಬುಟ್ರು: ‘ನನ್ನತ್ರ ಇರೋದು ಮೈಕ್ ಸೆಟ್ಟಿನ ಕಾಗ್ದ, ಎಂಟು ಓಮ್ಸಿನ ಕಾಯಿಲ್. ಹಾಕ್ಕೊಡ್ತೀನಿ, ದನಿ ಬರ್ತದ, ಆದ್ರ ಇದ್ರ ದನಿ ಅಲ್ಲ ತಾಯಿ. ದನಿ ಅರ್ಧಕ್ಕಿಂತ ಹೆಚ್ಚು ಇರೋದು ಕಾಗ್ದದಲ್ಲೇ.’ ದುಡ್ಡು ಕಳ್ಕೊಳಾಕ ಹೋದೋಳ್ಗ ಬುದ್ಧಿ ಹೇಳಿ ಕಳ್ಸುದ್ರು. ಸರಿಯಾದ ಕಾಗ್ದ ಸಿಗೋ ತಂಕ ಆ ಲೋಟದ ಮ್ಯಾಗ್ನೆಟ್ಟಿಂದು ಸೀರೆ ಸುತ್ಕಂಡು ಬೀರುವಿನಲ್ಲದ.

ಹೊಸದ್ರಲ್ಲಿ ಕೊನೆಗ ಉಳ್ದದ್ದು ಎರಡು. ಎರಡೂ ಸೆಲೆಶನ್ ಅನ್ನೋ ಇಂಗ್ಲೆಂಡ್ ಕಂಪ್ನಿ ಹೆಸರಿನವು, ಎರಡರಲ್ಲೂ ಹದಿನಾರು ಓಮ್ಸಿಂದು ಬರ್ತದ. ನಮ್ಮೂರ ಕಡೆ ಅಂಗ್ಡೀಲಿ ಹದಿನಾರು ಕೇಳುದ್ರ ಮಕ ಮಕ ನೋಡ್ತಾರ, ಅಲ್ಲಿ ನಾಕು ಎಂಟೇ ಇರೋದು. ಒಂದ್ರ ಹೆಸ್ರು ಗ್ರೀನ್‌ಬ್ಯಾಕ್, ಬೆನ್ನಿಗ ಹಸ್ರು ಮುಚ್ಚಳ. 25 ವ್ಯಾಟ್ಸು, 98 ಡೆಸಿಬಲ್ಲು. ಇನ್ನೊಂದು ವಿಂಟೇಜ್ 30. ಹೆಸ್ರಲ್ಲಿ ಮೂವತ್ತಿದ್ರೂ ಅದು ತಡ್ಯೋದು 60 ವ್ಯಾಟ್ಸು, ಡೆಸಿಬಲ್ಲು 100. ನಂಗ ಕೇಳುದ್ರ ಹೆಸರಿಡೋರ್ಗೇ ಓಮ್ಸ್ ಪಾಠ ಮಾಡ್ಬೇಕು.

ವಿಂಟೇಜ್‌ನ ಮೈಸೂರಿನ ಅಂಗ್ಡೀಲಿ ಕೇಳ್ದೊ. ಗ್ರೀನ್‌ಬ್ಯಾಕ್ ಇದ್ದದ್ದು ಮಾರ್ಟಳ್ಳಿ ಕಡೆ ಚರ್ಚಿನಲ್ಲಿ ಗಿಟಾರ್ ನುಡಿಸೋ ಒಬ್ಬ ಹೈದನ ಹತ್ರ. ಮಗ್ಳ ಕಾಲೇಜಿನೋನು. ಅವ್ನ ಪೆಟ್ಗ ಎಂಟು ಓಮ್ಸು, ನಮ್ಮ ಆಂಪ್ಲಿ ಎಂಟರ ತಂತಿಗ ನೇರ ಕೂಡ್ತು. ಆಟೋದಲ್ಲಿ ನಮ್ಮ ಆಂಪ್ಲೀನ ಮಗೂನಂಗ ತೊಡೆ ಮ್ಯಾಲ ಇಟ್ಕಂಡು ಹೋದೊ. ಅವ್ರವ್ವ ಟೀ ಕೊಟ್ರು, ನಾನು ಕೇಳ್ದೆ: ‘ಅಕ್ಕ, ನಿಮ್ಮ ಅಡ್ಗ ಮನೆ ಎಲ್ಲಿ?’ ಅವ್ರು ಬಚ್ಚಲು ಕೇಳ್ತಾವ್ಳ ಅಂದ್ಕಂಡು ಹಿತ್ಲು ತೋರ್ಸುದ್ರು. ಆಮೇಲ ವಿಷ್ಯ ಹೇಳಿ ಇಬ್ರೂ ಒಲೆ ಹತ್ರ ನಿಂತು ಕೇಳ್ದೊ. ಅವ್ರೂ ಮಗನ ಗಿಟಾರ್ ಅಲ್ಲಿಂದ್ಲೇ ಕೇಳೋದಂತ.

ವಿಂಟೇಜು ಮುಂದ್ಕ ನುಗ್ಗೋ ದನಿ. ನೂರು ಜನರ ಮದ್ವೇಲಿ ಎದ್ದು ಕೇಳ್ಸಾಕ ಅದು ಸರಿ. ನಮ್ಮನ ಹತ್ತಡಿ ಹನ್ನೆರಡಡಿ ನಡುಮನೆಗ ಬ್ಯಾಡ. ಗ್ರೀನ್‌ಬ್ಯಾಕ್ ವಸಿ ಒರಟು, ನಡುವಿನ ದನಿ ತುಂಬ್ಕಂಡು ಬರ್ತದ, ನಮ್ಮ ಹಳೇದ್ರ ಪಕ್ಕ ಕುಂತ್ಕಂಡೀತು ಅನ್ಸ್ತು. ವ್ಯಾಟ್ಸಿನ ಲೆಕ್ಕಾನೂ ಹೊಂದ್ತು. ಹದಿನೈದು ವ್ಯಾಟ್ಸಿನ ಆಂಪ್ಲೀನ ಪೂರ್ತಿ ತಿರುಗ್ಸುದ್ರ ಬರ್ದದ್ದಕ್ಕಿಂತ ಜಾಸ್ತೀನೇ ಕಕ್ತದ, ಅದ್ರೂ ಎರಡಕ್ಕೂ ಹಂಚ್ಕಂಡ್ರ 25ರದ್ದು ಧಾರಾಳ. ರೇಟು ಕೇಳಿ ಮಾತ್ರ ಎದೆ ಧಸಕ್ಕಂತು. ಗ್ರೈಂಡರ್ ದುಡ್ಡು ಪೂರಾ ಹೋಗಿ, ಮ್ಯಾಲ ಮಗ್ಳು ಟ್ಯೂಷನ್ ದುಡ್ಡೂ ಹಾಕುದ್ಲು. ನಮ್ಮ ನಾದಿನಿ ‘ಹೆಣ್ಣೈದನ ಮದ್ವೆಗ ಕೂಡಿಡೋದು ಬುಟ್ಟು ಇದೇನು’ ಅಂದ್ರು. ನಾನು ಏನೂ ಹೇಳ್ಲಿಲ್ಲ. ಓಲೆ ಕತೆ ಹೇಳಿದ್ರ ಅಣ್ಣನ ಮ್ಯಾಲ ಅವ್ರಿಗೇ ಕ್ವಾಪ ಬರ್ತಿತ್ತು.

ಬಸ್ಸಿನ ಪಾರ್ಸಲ್ಲಲ್ಲಿ ಬಂತು. ಕೂರ್ಸೋಕ ಮುಂಚೆ ಆಳ ಅಳ್ದೊ, ಮ್ಯಾಗ್ನೆಟ್ಟು ಟ್ರಾನ್ಸ್‌ಫಾರ್ಮರಿಗ ತಾಕ್ಬಾರ್ದಲ್ಲ, ಒಂದೂವರೆ ಬೆರಳು ಜಾಗ ಉಳೀತು. ನಾಕು ಬೋಲ್ಟು. ಒಂದೇ ಸಲ ಬಿಗೀಬಾರ್ದು, ಎದ್ರುಬದ್ರು ಸ್ವಲ್ಪ ಸ್ವಲ್ಪ ಬಿಗೀಬೇಕು, ಇಲ್ಲಾಂದ್ರ ಚೌಕಟ್ಟು ಸೊಟ್ಟಗಾಯ್ತದ.

ಆಮೇಲ ಒಂಬತ್ತು ವೋಲ್ಟಿನ ಸಣ್ಣ ಬ್ಯಾಟ್ರಿ ಪರೀಕ್ಷೆ. ಸ್ಪೀಕರಿನ ಕೆಂಪು ಗುರ್ತಿಗ ಬ್ಯಾಟ್ರಿಯ ಪ್ಲಸ್ಸು, ಇನ್ನೊಂದಕ್ಕ ಮೈನಸ್ಸು, ಒಂದು ಕ್ಷಣ ಮುಟ್ಸಿ ತೆಗೀಬೇಕು. ಕಾಗ್ದ ‘ಟಪ್’ ಅಂತ ಮುಂದ್ಕ ಬರ್ಬೇಕು. ಹೊಸದು ಮುಂದ್ಕ ಬಂತು. ಹಳೇದು ಹಿಂದ್ಕ ಹೋಯ್ತು. ಒಂದು ಮುಂದ ಇನ್ನೊಂದು ಹಿಂದ ಹೋದ್ರ ಒಂದು ದಬ್ಬಿದ ಗಾಳೀನ ಇನ್ನೊಂದು ಎಳ್ಕತದ, ದಪ್ಪ ದನಿ ಸತ್ತೋಯ್ತದ. ಮಗ್ಳು ನನ್ನ ಮಕ ನೋಡುದ್ಲು. ‘ಉಲ್ಟಾ ಅಂತ ಬರ್ದವ್ರಲ್ಲವ್ವ’ ಅಂದ್ಳು. ಮಾರ್ಚ್ 94ರಲ್ಲೇ ಅವ್ರು ಅದ್ನ ಕಂಡ್ಕಂಡು, ಮುಂದ ಯಾರೋ ಬಿಚ್ಚಿದೋರ್ಗ ತಿಳೀಲಿ ಅಂತ ಬರ್ದಿಟ್ಟಿದ್ರು. ಹಳೇದ್ರ ತಂತಿ ಎರಡೂ ಅದಲು ಬದಲು ಮಾಡಿ ಹಾಕುದ್ಲು.

ಹೊಸದ್ರ ಕಾಗ್ದ ಇನ್ನೂ ಗಡುಸು. ಹತ್ತಾರು ಗಂಟೆ ನುಡ್ಸುದ್ರ ಅಂಚು ಸಡ್ಲಾಗಿ ದನಿ ಬಿಚ್ಕೊತದಂತ, ಹೊಸ ಸೀರೆ ಎರಡು ಒಗೆತ ಕಂಡಂಗ. ದಿನಾ ಸಂಜೆ ಆರರಿಂದ ಏಳೂವರೆ ತಂಕ ನುಡಿಸ್ತಾಳ. ಮೊದಲ ವಾರ ಅಡ್ಗ ಮನೇಲಿ ನಿಂತುದ್ರ ಬಲಗಡೆಯಿಂದ ನಮ್ಮೋರು, ಎಡಗಡೆಯಿಂದ ಯಾರೋ ಗುರ್ತಿಲ್ದೋರು ಬಂದಂಗಿತ್ತು. ಈಗ ಒಂದು ತಿಂಗ್ಳಾಯ್ತು, ಎರಡೂ ಬ್ಯಾರೆ ಬ್ಯಾರೆ ಅಂತ ಹುಡುಕಿ ಕೇಳ್ಬೇಕು. ಒಂದೊಂದಿನ ಸಾರು ಇಳ್ಸಿ ನಾನೂ ನಡುಮನೆಗ ಹೋಗಿ ಎದ್ರುಗ ಕುಂತ್ಕತೀನಿ. ಚುಚ್ತದ. ಅಭ್ಯಾಸ ಆಯ್ತಾ ಅದ.

ದೋಸೆ ಹಿಟ್ಟಿಗ ಮಾತ್ರ ಪಕ್ಕದ ಮನೆ ಅಕ್ಕನ ಗ್ರೈಂಡರೇ ಗತಿ. ಅಕ್ಕ, ನೀನೂ ಇದ್ನ ಓದ್ತೀಯ ಅಂತ ಗೊತ್ತು. ಶುಕ್ರವಾರ ನಾಕು ಗಂಟೆಗ ಅಕ್ಕಿ ತರ್ತೀನಿ, ಆರರೊಳಗ ಮುಗ್ಸ್ಕೊಳ್ಳುಮ. ನಿನ್ನ ಗ್ರೈಂಡರ್ ಓಡ್ತಿದ್ರ ನಮ್ಮ ಪೆಟ್ಗೇಲಿ ಗುಯ್ ಅಂತದ.